ಕಟ್ಟಳೆ ಬದಲಾದರೆ ಕಣ ತುಂಬೀತೆ?



ಬೆಳೆ ಕೈಕೊಟ್ಟರೆ ನಾವು ಮೊದಲು ಮಳೆಯನ್ನು ಬಯ್ಯುತ್ತೇವೆ, ಆಮೇಲೆ ಬೀಜವನ್ನು, ಹುಳುವನ್ನು. ಸರ್ಕಾರದ ಕಟ್ಟಳೆಯೂ ಇಳುವರಿಯನ್ನು ಏರಿಸಬಲ್ಲುದು, ಇಳಿಸಬಲ್ಲುದು ಅಂದರೆ ನಗುತ್ತೀರೋ ಏನೋ. ಚೀನಾ ದೇಶದ ಒಂದು ಹಳ್ಳಿಯ ಸಂಗತಿ ಹೇಳ್ತೇನೆ, ಕೇಳಿ.

ಆನ್‌ಹ್ವೇ ಪ್ರಾಂತದಲ್ಲಿ ಶಿಯಾವ್‌ಗಾಂಗ್ ಎಂಬ ಪುಟ್ಟ ಊರು. 1958ರಲ್ಲಿ ದೇಶದ ಹಳ್ಳಿಗಳಿಗೆಲ್ಲ ಕಮ್ಯೂನ್ ಪದ್ಧತಿ ಬಂತು. ಹೊಲ ಯಾರೊಬ್ಬರದೂ ಅಲ್ಲ. ಎಲ್ಲರೂ ಗುಂಪಿನಲ್ಲಿ ದುಡಿಯಬೇಕು. ಕೆಲಸಕ್ಕೆ ಅಂಕ ಹಾಕುವರು, ಸುಗ್ಗಿಯಾದ ಮೇಲೆ ಅಂಕ ನೋಡಿ ಕಾಳು ಹಂಚುವರು. ಬೆವರು ಸುರಿಸಿದವನಿಗೂ ಗುದ್ದಲಿಗೆ ಒರಗಿ ನಿಂತವನಿಗೂ ಹೆಚ್ಚು ಕಡಿಮೆ ಒಂದೇ ಪಾಲು. ಹೀಗಿದ್ದರೆ ಯಾರು ತಾನೆ ಬೆಳಗಿನ ಜಾವ ಎದ್ದು ಕಳೆ ಕಿತ್ತಾರು? ಮೊದಲ ವರ್ಷಗಳಲ್ಲಂತೂ ಅಧಿಕಾರಿಗಳು ಇಲ್ಲದ ಬೆಳೆಯನ್ನು ಕಾಗದದ ಮೇಲೆ ಬೆಳೆದು ಲೆಕ್ಕ ಕಳಿಸಿದರು. ಆ ಲೆಕ್ಕ ನಂಬಿ ಸರ್ಕಾರ ಹಳ್ಳಿಗಳಿಂದ ಕಾಳು ಎತ್ತಿತು. 1959ರಿಂದ 1961ರ ಕ್ಷಾಮದಲ್ಲಿ ಸತ್ತವರು ಕೋಟಿಗಟ್ಟಲೆ ಜನ.

1978ರಲ್ಲಿ ಮತ್ತೆ ಬರ. ಭಿಕ್ಷೆಗೆ ಹೊರಡುವುದು ಆ ಊರಿಗೆ ಹೊಸದಲ್ಲ. ಆ ಚಳಿಗಾಲದಲ್ಲಿ 18 ಮನೆಯವರು ಗುಟ್ಟಾಗಿ ಸೇರಿ, ಹೊಲವನ್ನು ಮನೆಮನೆಗೆ ಹಂಚಿಕೊಂಡು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಸರ್ಕಾರದ ಪಾಲು ಕೊಟ್ಟೇ ಕೊಡುವುದು, ಮಿಕ್ಕಿದ್ದು ಬೆಳೆದವರದು. ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು ಅಂತಲೂ ಬರೆದರು. ಉತ್ತು ಉಣ್ಣುವುದಕ್ಕೆ ಜೈಲಿನ ಭಯ, ನೋಡಿ!

ಮರುವರ್ಷ ಊರಿನ ಬೆಳೆ ಸುಮಾರು 660 ಕ್ವಿಂಟಲ್. ಹಿಂದಿನ ಎಷ್ಟೋ ವರ್ಷಗಳ ಬೆಳೆ ಒಟ್ಟುಗೂಡಿಸಿದಷ್ಟು ಅನ್ನುತ್ತಾರೆ. ಪ್ರಾಂತದ ಮುಖಂಡ ವಾನ್ ಲಿ ಅಂಥ ಪ್ರಯೋಗಗಳಿಗೆ ಅಡ್ಡಬರಲಿಲ್ಲ, ಬೆಂಬಲವಾಗಿ ನಿಂತರು. ಕೆಲವೇ ವರ್ಷಗಳಲ್ಲಿ ದೇಶವೆಲ್ಲ ಇದೇ ಪದ್ಧತಿ. ಜಮೀನಿನ ಒಡೆತನ ಮಾತ್ರ ಇಂದಿಗೂ ಊರ ಒಟ್ಟಿನದೇ, ಸಾಗುವಳಿಯಷ್ಟೆ ಮನೆಯವರದು. ಜೊತೆಗೆ 1979ರಲ್ಲಿ ಸರ್ಕಾರ ಕಾಳಿನ ಖರೀದಿ ಬೆಲೆಯನ್ನು ನೂರಕ್ಕೆ 20ರಷ್ಟು ಏರಿಸಿತು. ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ತಂದವರಿಗೆ ಇನ್ನೂ ಮೇಲಿನ ಬೆಲೆ. 1978ರಲ್ಲಿ ಸುಮಾರು 30 ಕೋಟಿ ಟನ್ ಇದ್ದ ದವಸದ ಹುಟ್ಟುವಳಿ 1984ರಲ್ಲಿ 40 ಕೋಟಿ ದಾಟಿತು.

ಎಲ್ಲವೂ ಕಟ್ಟಳೆಯಿಂದಲೇ ಆಯಿತು ಅನ್ನಲಾರೆ. ಹೈಬ್ರಿಡ್ ಭತ್ತ, ರಸಗೊಬ್ಬರ ಕೂಡ ಅದೇ ಹೊತ್ತಿಗೆ ಹೆಚ್ಚಾದವು. ಆದರೆ ಗೊಬ್ಬರದ ಮೂಟೆ ಹೊರುವವನಿಗೆ ಫಲ ತನ್ನ ಮನೆಗೆ ಬರುತ್ತದೆಂಬ ನಂಬಿಕೆ ಬೇಕಲ್ಲ? ಗೇಣಿಗೆ ಉತ್ತವರನ್ನು ಕೇಳಿ, ಅವರೇ ಹೇಳುತ್ತಾರೆ.

1985ರಲ್ಲಿ ಸರ್ಕಾರ ಹೆಚ್ಚುವರಿ ಕಾಳಿಗೆ ಕೊಡುತ್ತಿದ್ದ ಆ ಮೇಲಿನ ಬೆಲೆಯನ್ನು ಕೈಬಿಟ್ಟಿತು. ರೈತರು ಕಾಳು ಬಿತ್ತುವ ಹೊಲವನ್ನು ಕಡಿಮೆ ಮಾಡಿದರು. ಆ ವರ್ಷದ ಹುಟ್ಟುವಳಿ 38 ಕೋಟಿ ಟನ್ನಿಗೆ ಇಳಿಯಿತು.