ಶಾಸನದಲ್ಲಿ ಪಿಎಚ್‌ಡಿ ಆಯ್ತು, ಮುಂದೇನು?

ಮೂಡಿಗೆರೆ ತಾಲ್ಲೂಕಿನ ಅಂಗಡಿಗೆ ಹೋಗಿದ್ದಾಗ ಜೊತೆಗಿದ್ದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಬಸದಿಯ ಮುಂದೆ ನಿಂತು ಕೇಳಿದರು: "ಸರ್, ಈ ವರ್ಷ ಥೀಸಿಸ್ ಕೊಡ್ತೀನಿ. ಆಮೇಲೆ ಇದರಲ್ಲಿ ಊಟ ಇದೆಯಾ?"

ನಾನು ಇಂಜಿನಿಯರ್. ನನ್ನ ಸಂಬಳ ಬೇರೆ ಕಡೆಯಿಂದ ಬರುತ್ತೆ. ಶಾಸನ ಓದೋದು ರಜಾ ದಿನದ ಕೆಲಸ. ಹಾಗಾಗಿ ಅಲ್ಲೇ ಉತ್ತರ ಹೇಳೋಕೆ ಸಂಕೋಚ ಆಯಿತು. ಆಮೇಲೆ ವಿಚಾರಿಸಿ, ಲೆಕ್ಕ ಹಾಕಿ ಬರೆದದ್ದು ಇದು.

ಹಿಂದಿನವರು ಹೇಗೆ ಬಂದರು?

ಈ ಜಿಲ್ಲೆಯ ಶಾಸನಗಳು ಒಟ್ಟಾಗಿ ಅಚ್ಚಾದದ್ದು 1901ರಲ್ಲಿ, ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟದಲ್ಲಿ. ಆಗ ಜಿಲ್ಲೆಯ ಹೆಸರು ಕಡೂರು. ಅಂಗಡಿ, ಕಳಸ ಎರಡೂ ಅದರಲ್ಲಿ ಮೂಡಿಗೆರೆ ತಾಲ್ಲೂಕಿನ ಭಾಗದಲ್ಲಿವೆ. ಸಂಪಾದಿಸಿದ ಬಿ.ಎಲ್. ರೈಸ್ ಶಿಕ್ಷಣ ಇಲಾಖೆಯಿಂದ ಬಂದವರು. ಕನ್ನಡ ಶಾಸನಗಳ ಮೇಲೆ ದುಡಿದ ಫ್ಲೀಟ್ ಐಸಿಎಸ್ ಅಧಿಕಾರಿ. ಇಬ್ಬರೂ ಶಾಸನದಲ್ಲಿ ಡಾಕ್ಟರೇಟ್ ಹಿಡಿದು ಕೆಲಸಕ್ಕೆ ಬಂದವರಲ್ಲ.

ಪದವಿ ಮತ್ತು ಹುದ್ದೆ ಒಂದಕ್ಕೊಂದು ಕೂಡಿದ್ದು ನಂತರದ ತಲೆಮಾರಿನಲ್ಲಿ. ಜಿ.ಎಸ್. ಗಾಯಿ ಅವರು 8ರಿಂದ 10ನೇ ಶತಮಾನದ ಶಾಸನಗಳ ಭಾಷೆಯನ್ನು ಆಧರಿಸಿ ಹಳಗನ್ನಡದ ಚಾರಿತ್ರಿಕ ವ್ಯಾಕರಣ ಬರೆದರು. ಅದು 1946ರಲ್ಲಿ ಪ್ರಕಟವಾಯಿತು. ಅವರು ಕೇಂದ್ರದ ಶಾಸನ ವಿಭಾಗದಲ್ಲಿ ಮುಖ್ಯ ಶಾಸನತಜ್ಞರಾದರು. ಪಿ.ಬಿ. ದೇಸಾಯಿ ಅದೇ ವಿಭಾಗದಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂದರು. ಎಂ. ಚಿದಾನಂದಮೂರ್ತಿ ಅವರ ಪಿಎಚ್‌ಡಿ ಪ್ರಬಂಧ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಪುಸ್ತಕವಾಯಿತು. ಅವರು ಮೇಷ್ಟ್ರಾಗಿದ್ದರು. ಕಚೇರಿ, ಕ್ಲಾಸ್‌ರೂಮು ಎರಡಕ್ಕೂ ಬಾಗಿಲು ತೆರೆದಿತ್ತು.

ಪಾಠದ ದಾರಿ

ಈಗ ಮೊದಲ ತೊಡಕು ಪರೀಕ್ಷೆಯದು. ನೆಟ್ ಪಟ್ಟಿಯಲ್ಲಿ ಶಾಸನಶಾಸ್ತ್ರ ಅನ್ನೋ ಪ್ರತ್ಯೇಕ ವಿಷಯವೇ ಇಲ್ಲ. ಕನ್ನಡ, ಇತಿಹಾಸ ಅಥವಾ ಪುರಾತತ್ವದಲ್ಲಿ ಬರೀಬೇಕು. ಅಂದರೆ ನಿಮ್ಮ ಥೀಸಿಸ್ ಶಾಸನದ ಮೇಲಿದ್ದರೂ, ಕೆಲಸಕ್ಕೆ ಲೆಕ್ಕಕ್ಕೆ ಬರೋದು ನಿಮ್ಮ ಎಂ.ಎ. ಯಾವುದರಲ್ಲಿ ಅನ್ನೋದು. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್‌ಡಿ ಕಡ್ಡಾಯ ಮಾಡಲು 2018ರಲ್ಲಿ ಹೊರಟಿದ್ದ ಯುಜಿಸಿ, 2023ರ ಜೂನ್ 30ರಂದು ಅದನ್ನು ಐಚ್ಛಿಕ ಮಾಡಿ, ನೆಟ್, ಸೆಟ್, ಸ್ಲೆಟ್ ಕನಿಷ್ಠ ಅರ್ಹತೆ ಎಂದಿತು. ಥೀಸಿಸ್ ಮುಗಿದ ಮೇಲೆ ಕೆ-ಸೆಟ್ ಬರೆದರಾಯ್ತು ಅಂತ ಕಾಯಬೇಡಿ.

ಎರಡನೆಯದು ಹುದ್ದೆಗಳ ನಡುವಿನ ಅಂತರ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಬಂತು, ಅದೂ ಎಲ್ಲ ವಿಷಯ ಸೇರಿ. ಹೆಚ್ಚಿನವರು ನಿಲ್ಲೋದು ಅತಿಥಿ ಉಪನ್ಯಾಸಕರಾಗಿ. 2022ರ ಜನವರಿಯಲ್ಲಿ ಗೌರವಧನ ಏರಿಸಿದ ಮೇಲೂ ಗರಿಷ್ಠ ತಿಂಗಳಿಗೆ 32,000 ರೂಪಾಯಿ. 2023ರ ಜನವರಿಯಿಂದ ಜೆಆರ್‌ಎಫ್ ಫೆಲೋಶಿಪ್ 37,000. ಅಂದರೆ ಆ ಹೊತ್ತಿಗೆ ಸಂಶೋಧನೆ ಮಾಡುವಾಗ ಸಿಗುತ್ತಿದ್ದಷ್ಟು ಪಾಠ ಮಾಡುವಾಗ ಸಿಗುತ್ತಿರಲಿಲ್ಲ.

ಕಚೇರಿಯ ದಾರಿ

ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗದ ಕೇಂದ್ರ ಕಚೇರಿ ನಮ್ಮ ಮೈಸೂರಿನಲ್ಲೇ ಇದೆ. ರಾಜ್ಯದ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಯ ಕೇಂದ್ರವೂ ಅಲ್ಲೇ. ಹುದ್ದೆಗಳು ಕಡಿಮೆ, ಕರೆಯೋದೂ ಅಪರೂಪ. ಅಲ್ಲಿ ಬೇಕಾಗೋದು ಕೈಕೆಲಸ: ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯೋದು, ಸವೆದ ಕಲ್ಲಿನಲ್ಲಿ 'ವ' ಯಾವುದು 'ಮ' ಯಾವುದು ಅಂತ ಬೇರ್ಪಡಿಸೋದು. ಬರೀ ಅಚ್ಚಾದ ಸಂಪುಟ ಇಟ್ಟುಕೊಂಡು ಥೀಸಿಸ್ ಬರೆದವರಿಗೆ ಇದು ಬರೋದಿಲ್ಲ.

ಹೊಸ ದಾರಿಗಳು

2023ರ ಕೇಂದ್ರ ಬಜೆಟ್‌ನಲ್ಲಿ 'ಭಾರತ್ ಶ್ರೀ' ಎಂಬ ಶಾಸನ ಭಂಡಾರ ಘೋಷಣೆಯಾಯಿತು. ಮೊದಲ ಹಂತದಲ್ಲಿ 1 ಲಕ್ಷ ಶಾಸನಗಳ ಡಿಜಿಟಲೀಕರಣ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ತ್ರಿ-ಡಿ ಸ್ಕ್ಯಾನ್ ಮಾಡುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಕರಾವಳಿ, ಮಲೆನಾಡಿನ ತಿಗಳಾರಿ ಓಲೆಗರಿಗಳಿಗೆ ಇದು ದೊಡ್ಡ ಸಂಗತಿ. ಇಂಜಿನಿಯರ್ ಆಗಿ ಒಂದು ಮಾತು ಹೇಳ್ತೀನಿ: ಸ್ಕ್ಯಾನರ್ ಗೆರೆಯ ಆಳ ಅಳೆಯುತ್ತೆ, ಅಕ್ಷರ ಯಾವುದು ಅಂತ ಹೇಳೋದಿಲ್ಲ. ಕಂಪ್ಯೂಟರಿಗೆ ಓದೋಕೆ ಕಲಿಸಬೇಕಾದರೂ ಮೊದಲು ಬಲ್ಲವರೊಬ್ಬರು ಸಾವಿರಾರು ಅಕ್ಷರ ಗುರುತಿಸಿ ಕೊಡಬೇಕು. ಆ ಬಲ್ಲವರು ನೀವೇ. ಆದರೆ ಇಂಥ ಯೋಜನೆಗಳ ಕೆಲಸ ಸಾಮಾನ್ಯವಾಗಿ ಗುತ್ತಿಗೆಯದು. ಯೋಜನೆ ಮುಗಿದರೆ ಸಂಬಳವೂ ಮುಗೀತು.

ನಮ್ಮ ಪಾಲು

ಕಾಫಿ ಗಿಡದ ಮೇಲೆ ಪಿಎಚ್‌ಡಿ ಮಾಡಿದವರಿಗೆ ಇದೇ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರವಿದೆ, ಯಾಕಂದರೆ ಬೆಳೆಗಾರರಿಗೆ ಅದು ಬೇಕಿತ್ತು. ಕಲ್ಲು ಓದುವವರು ಬೇಕು ಅಂತ ಯಾರು ಕೇಳಿದ್ದೇವೆ? ಬೇಲೂರು, ಹಳೇಬೀಡು ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 2023ರಲ್ಲಿ. ಹೊಯ್ಸಳರ ಮೂಲ ನೆಲೆ ಅಂಗಡಿಯಲ್ಲಿ ಶಾಸನ ಓದಿ ಹೇಳುವವರು ಬೇಕಾದರೆ ನನ್ನಂಥ ಹವ್ಯಾಸಿಗೆ ಫೋನ್ ಬರುತ್ತೆ. ನಾನು ಪುಕ್ಕಟೆ ಹೋಗ್ತೀನಿ. ಖುಷಿಯೇ. ಆದರೆ ನಾನು ಪುಕ್ಕಟೆ ಹೋದಷ್ಟೂ, ಓದಿ ಕಲಿತವರಿಗೆ ಹಣ ಕೊಡಬೇಕು ಅನ್ನೋ ಅಭ್ಯಾಸ ಬೆಳೆಯೋದಿಲ್ಲ.

ಅದಕ್ಕೆ ಈಗ ಒಂದು ನಿಯಮ ಮಾಡಿಕೊಂಡಿದ್ದೀನಿ. ದೇವಸ್ಥಾನದ ಸಮಿತಿ, ಎಸ್ಟೇಟ್, ಹೋಂಸ್ಟೇ ಯಾರೇ ಕರೆದರೂ, ಜೊತೆಗೆ ಒಬ್ಬ ಸಂಶೋಧಕರನ್ನು ಕರೆದುಕೊಂಡು ಬರ್ತೀನಿ, ಅವರಿಗೆ ಗೌರವಧನ ಮತ್ತು ಪ್ರಯಾಣದ ಖರ್ಚು ಕೊಡಬೇಕು ಅಂತ ಮೊದಲೇ ಹೇಳ್ತೀನಿ. ನೀವೂ ಹಾಗೆ ಮಾಡಬಹುದು.

ಆ ವಿದ್ಯಾರ್ಥಿನಿಗೆ ಕೊಟ್ಟ ಉತ್ತರ: "ಊಟ ಇದೆಯಮ್ಮ, ಆದರೆ ಒಂದೇ ಮನೆಯಲ್ಲಿ ಸಿಗೋದು ಕಷ್ಟ. ಕೆ-ಸೆಟ್ ಮುಗಿಸಿ, ಪಡಿಯಚ್ಚು ಕಲಿಯಿರಿ, ಇನ್ನೊಂದು ಲಿಪಿ ಕಲಿಯಿರಿ." ಮುಂದಿನ ಬೇಸಿಗೆಗೆ, ಕಲ್ಲು ಒಣಗಿದ ಮೇಲೆ, ಕಳಸಕ್ಕೆ ಒಟ್ಟಿಗೆ ಹೋಗೋದು ಅಂತ ಆಗಿದೆ. ಅವರ ಖರ್ಚು ನಮ್ಮ ತಂಡದ್ದು.