ಓಟ ಮುಗಿಯುವ ಜಾಗ, ಓಟ ಶುರುವಾಗುವ ಜಾಗ

ಬೆಂಗಳೂರಿನ ವಿಶ್ವ 10ಕೆ ಓಟಕ್ಕೆ ಕೆಲವೇ ದಿನಗಳಿರುವಾಗ ಪ್ರತಿವರ್ಷವೂ ಪ್ರಮುಖ ಸ್ಪರ್ಧಿಗಳ ಪಟ್ಟಿಯೊಂದು ಹೊರಬೀಳುತ್ತದೆ. ಕ್ರೀಡಾಪುಟದಲ್ಲಿ ಅದಕ್ಕೆ ದೊರೆಯುವ ಸ್ಥಳ ನಾಲ್ಕೈದು ಸಾಲು. ಓಟ ಮುಗಿದ ಮರುದಿನ ‘ಕೆನ್ಯಾ ಪಾರಮ್ಯ’, ‘ಇಥಿಯೋಪಿಯಾ ಮೇಲುಗೈ’ ಎಂಬ ತಲೆಬರಹ. ದೇಶದ ಹೆಸರೇ ಓಟಗಾರನ ಬಿರುದಾಗಿ, ಅವನ ಸ್ವಂತ ಹೆಸರು ಮರೆಯಾಗುತ್ತದೆ. ಬಿರುದಿನ ಹಿಂದೆ ಮರೆಯಾದ ಹೆಸರಿನ ಬೆಲೆ ಏನೆಂಬುದನ್ನು ರಾಯಚೂರು ಜಿಲ್ಲೆಯ ಮಸ್ಕಿಗಿಂತ ಚೆನ್ನಾಗಿ ಬಲ್ಲ ಊರು ಇರಲಾರದು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದನ್ನು ಸ್ಪಷ್ಟಪಡಿಸಿದ್ದು 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಶಾಸನವಲ್ಲವೇ?

ಮಸ್ಕಿಯ ಮಾತು ಬಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಜೇವರ್ಗಿಯಿಂದ ಬಳ್ಳಾರಿಯತ್ತ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಮಸ್ಕಿ ಹೆಚ್ಚುಕಡಿಮೆ ನಟ್ಟನಡುವೆ. ಒಂದು ತುದಿಯ ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ, ಇನ್ನೊಂದು ತುದಿಯಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಭತ್ತದ ಗದ್ದೆಗಳು, ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೊರಡುವ ಒಣಬೇಸಾಯದ ಹಳ್ಳಿಗಳು ಇವುಗಳ ನಡುವೆ. ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಯಾರಾದರೂ ಓಡುವುದಾದರೆ ನಸುಕಿನಲ್ಲೇ ಓಡಬೇಕು. ಹಾಗೆ ಓಡುವ ಹುಡುಗರು, ಈಚಿನ ವರ್ಷಗಳಲ್ಲಿ ಹುಡುಗಿಯರೂ, ಪದಕಕ್ಕಾಗಿ ಓಡುವವರಲ್ಲ; ಪೊಲೀಸ್ ಅಥವಾ ಸೇನಾ ನೇಮಕಾತಿಗಾಗಿ ಬೆವರು ಹರಿಸುವವರು.

ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷ ಅಭ್ಯರ್ಥಿ 1,600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಮಹಿಳೆಗೆ 400 ಮೀಟರ್, ಎರಡು ನಿಮಿಷ. ಬೆಂಗಳೂರಿನ ಓಟಕ್ಕೆ ಬರುವವರ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ. 2022ರಲ್ಲಿ ಕೆನ್ಯಾದ ನಿಕೋಲಸ್ ಕಿಮೆಲಿ ಇಲ್ಲಿ 27 ನಿಮಿಷ 38 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಕೂಟ ದಾಖಲೆ ಮಾಡಿದರು. ಅಂದರೆ ಪ್ರತಿ 1,600 ಮೀಟರಿಗೆ 4 ನಿಮಿಷ 25 ಸೆಕೆಂಡು. ಅದೂ ಒಂದು ಸಲವಲ್ಲ, ಬಿಡುವಿಲ್ಲದೆ ಆರು ಸಲ. ಆಮೇಲೂ 400 ಮೀಟರ್ ಉಳಿದಿರುತ್ತದೆ. ಅದೇ ವರ್ಷ ಐರಿನ್ ಚೆಪ್ಟೈ 30 ನಿಮಿಷ 35 ಸೆಕೆಂಡುಗಳಲ್ಲಿ ಗೆದ್ದರು. ನಮ್ಮ ಹೆಣ್ಣುಮಕ್ಕಳಿಗೆ ಎರಡು ನಿಮಿಷ ಕೊಡುವ 400 ಮೀಟರನ್ನು ಆಕೆ ಸುಮಾರು 73 ಸೆಕೆಂಡುಗಳಂತೆ ಇಪ್ಪತ್ತೈದು ಬಾರಿ ಓಡಿದ ಹಾಗಾಯಿತು. ನಮ್ಮ ಅಭ್ಯರ್ಥಿಗಳನ್ನು ಹೀಗಳೆಯಲು ಈ ಲೆಕ್ಕವಲ್ಲ. ದೂರದರ್ಶನದ ಪರದೆಯ ಮೇಲೆ ಸಲೀಸಾಗಿ ಕಾಣುವ ಓಟದ ವೇಗವೆಷ್ಟೆಂಬುದು ಓಡಿ ನೋಡಿದವರಿಗಷ್ಟೇ ತಿಳಿಯುತ್ತದೆ. ಮಸ್ಕಿಯ ಹುಡುಗನಿಗೆ ಅದು ಬೆಂಗಳೂರಿನ ಪ್ರೇಕ್ಷಕನಿಗಿಂತ ಚೆನ್ನಾಗಿ ತಿಳಿದೀತು.

ಇನ್ನು ಪಟ್ಟಿಯನ್ನು ಓದುವ ಬಗೆ. 2008ರಲ್ಲಿ ಈ ಓಟ ಆರಂಭವಾದಾಗ ಗೆದ್ದವರು ಎರಿಟ್ರಿಯಾದ ಜೆರ್ಸೆನೆ ಟಡೆಸೆ. ಸೈಕಲ್ ಸ್ಪರ್ಧೆಯಿಂದ ಓಟಕ್ಕೆ ಬಂದ ಅವರು 2004ರ ಅಥೆನ್ಸ್‌ನಲ್ಲಿ ತಮ್ಮ ದೇಶಕ್ಕೆ ಮೊದಲ ಒಲಿಂಪಿಕ್ ಪದಕ ತಂದವರು. ಕೀರ್ತಿ ಸಂಪಾದಿಸಿದ ಮೇಲೆ ಬೆಂಗಳೂರಿಗೆ ಬರುವವರದು ಒಂದು ವರ್ಗ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಚಿನ್ನ ಗೆದ್ದು, 2025ರ ಏಪ್ರಿಲ್‌ನಲ್ಲಿ ಇಲ್ಲಿ 27 ನಿಮಿಷ 53 ಸೆಕೆಂಡುಗಳಲ್ಲಿ ಮೊದಲಿಗರಾದ ಉಗಾಂಡದ ಜೋಶುವಾ ಚೆಪ್ಟೆಗೈ ಇದೇ ವರ್ಗಕ್ಕೆ ಸೇರಿದವರು. ಟ್ರ್ಯಾಕ್‌ನಲ್ಲಿ 26 ನಿಮಿಷ 11 ಸೆಕೆಂಡುಗಳ ವಿಶ್ವದಾಖಲೆ ಬರೆದವರೂ ಬೆಂಗಳೂರಿನ ತಿರುವುಗಳಲ್ಲಿ, ಏರಿಳಿತಗಳಲ್ಲಿ ಕಿಮೆಲಿಯ ಕೂಟ ದಾಖಲೆ ಮುರಿಯಲಾಗಲಿಲ್ಲ.

ಎರಡನೆಯ ವರ್ಗ ಹೆಚ್ಚು ಸ್ವಾರಸ್ಯಕರ. 2016ರಲ್ಲಿ ಇಲ್ಲಿ ಗೆದ್ದ ಪೆರೆಸ್ ಜೆಪ್ಚಿರ್ಚಿರ್ ಐದು ವರ್ಷಗಳ ನಂತರ ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್ ಚಿನ್ನ ಗೆದ್ದರು. 2023ರ ಮೇ ತಿಂಗಳಲ್ಲಿ ಇಲ್ಲಿ ಗೆದ್ದ ಸೆಬಾಸ್ಟಿಯನ್ ಸಾವೆ ಅದೇ ಅಕ್ಟೋಬರ್‌ನಲ್ಲಿ ಅರ್ಧ ಮ್ಯಾರಥಾನ್‌ನ ವಿಶ್ವ ಚಾಂಪಿಯನ್. 2024ರ ಡಿಸೆಂಬರ್‌ನಲ್ಲಿ ವೆಲೆನ್ಸಿಯಾದಲ್ಲಿ ಓಡಿದ ಮೊಟ್ಟಮೊದಲ ಮ್ಯಾರಥಾನ್‌ನಲ್ಲೇ 2 ಗಂಟೆ 2 ನಿಮಿಷ 5 ಸೆಕೆಂಡು! 2025ರಲ್ಲಿ ಲಂಡನ್ ಮತ್ತು ಬರ್ಲಿನ್ ಎರಡೂ ಅವರ ಪಾಲಾದವು. ಲಿಂಗಸುಗೂರಿನ ಬಸ್ ನಿಲ್ದಾಣದಿಂದ ಅದೇ ವೇಗದಲ್ಲಿ ಹೊರಟರೆ ಎರಡು ಗಂಟೆಯೊಳಗೆ ಮಸ್ಕಿ ಎಂದೋ ಹಿಂದೆ ಉಳಿದು, ಸಿಂಧನೂರು ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿರುತ್ತದೆ. ಪಟ್ಟಿಯ ಅಗ್ರಸ್ಥಾನದ ಒಲಿಂಪಿಯನ್‌ಗಿಂತ, ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿರುವ ಅಪರಿಚಿತ ಹೆಸರಿನ ಮೇಲೆ ಕಣ್ಣಿಡುವುದು ಲೇಸು ಎನ್ನಲು ಇಷ್ಟು ಸಾಕು.

ಕಾಲಾವಧಿಯ ಅಂಕಿಗಳನ್ನೂ ಅತಿಯಾಗಿ ನಂಬಬಾರದು. ಆಗ್ನೆಸ್ ಟಿರೋಪ್ 2018ರಲ್ಲಿ ಇಲ್ಲಿ 31 ನಿಮಿಷ 19 ಸೆಕೆಂಡುಗಳಲ್ಲಿ ಗೆದ್ದರು. ಮರುವರ್ಷ ಪ್ರಶಸ್ತಿ ಉಳಿಸಿಕೊಂಡದ್ದು 33 ನಿಮಿಷ 55 ಸೆಕೆಂಡುಗಳಲ್ಲಿ. ಯಾರೂ ಮುಂದಾಳತ್ವ ವಹಿಸಲು ಒಪ್ಪದ ಗುಂಪು ನಿಧಾನಕ್ಕೆ ಸಾಗಿ, ಕೊನೆಯಲ್ಲಷ್ಟೇ ಸ್ಪರ್ಧೆಗಿಳಿದರೆ ಗಡಿಯಾರ ಹಿಂದೆ ಬೀಳುವುದು ಸಹಜ. ಟಿರೋಪ್ ಹೆಸರು ಬಂದಾಗ ಮಾತು ಅಲ್ಲಿಗೇ ಮುಗಿಯುವಂತಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಮಹಿಳೆಯರಷ್ಟೇ ಓಡುವ 10 ಕಿಲೋಮೀಟರ್ ಸ್ಪರ್ಧೆಯಲ್ಲಿ ಆಕೆ 30 ನಿಮಿಷ 1 ಸೆಕೆಂಡಿನ ವಿಶ್ವದಾಖಲೆ ಸ್ಥಾಪಿಸಿದರು. ಮರುತಿಂಗಳು ಕೆನ್ಯಾದ ಇಟೆನ್ ಪಟ್ಟಣದ ತಮ್ಮ ಮನೆಯಲ್ಲಿ ಕೊಲೆಯಾದರು. ವಯಸ್ಸು ಆಗ 25. ಆರೋಪ ಬಂದದ್ದು ಪತಿಯ ಮೇಲೆ. ಓಡಿ ಗಳಿಸುವ ಹೆಣ್ಣಿನ ದುಡಿಮೆಯ ಮೇಲೆ ಯಾರ ಹಕ್ಕು ಎಂಬ ಪ್ರಶ್ನೆಯನ್ನು ಆ ಸಾವು ಕೆನ್ಯಾದಲ್ಲಿ ಎಬ್ಬಿಸಿತು; ಸಹ ಓಟಗಾರ್ತಿಯರು ‘ಟಿರೋಪ್ಸ್ ಏಂಜೆಲ್ಸ್’ ಎಂಬ ಸಂಸ್ಥೆ ಕಟ್ಟಿದರು.

ಉದ್ದೀಪನ ಮದ್ದಿನ ಕರಿನೆರಳನ್ನೂ ಮರೆಯುವಂತಿಲ್ಲ. 10 ಕಿಲೋಮೀಟರ್ ರಸ್ತೆ ಓಟದಲ್ಲಿ ರೋನೆಕ್ಸ್ ಕಿಪ್ರುಟೊ 2020ರಲ್ಲಿ ಸ್ಥಾಪಿಸಿದ್ದ 26 ನಿಮಿಷ 24 ಸೆಕೆಂಡುಗಳ ವಿಶ್ವದಾಖಲೆ 2024ರಲ್ಲಿ ರದ್ದಾಯಿತು, ಜೊತೆಗೆ ಆರು ವರ್ಷಗಳ ನಿಷೇಧ. ಈ ಸಂಶಯದ ವಾತಾವರಣದಲ್ಲಿಯೇ ಸಾವೆ ಬರ್ಲಿನ್ ಓಟಕ್ಕೆ ಮುನ್ನ ತಾವಾಗಿಯೇ ಕೇಳಿಕೊಂಡು ಎರಡು ತಿಂಗಳಲ್ಲಿ ಇಪ್ಪತ್ತೈದು ಬಾರಿ ಪರೀಕ್ಷೆಗೆ ಒಳಗಾದರು.

ಹಾಗಾದರೆ ಇವರೆಲ್ಲ ಬರುವುದೆಲ್ಲಿಂದ? ನೈರೋಬಿ, ಕಂಪಾಲಾಗಳಿಂದ ಅಲ್ಲ. ಚೆಪ್ಟೆಗೈ ಎಲ್ಗಾನ್ ಪರ್ವತದ ಇಳಿಜಾರಿನ ಕಪ್ಚೋರ್ವಾದವರು. ಇಟೆನ್ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಸಣ್ಣ ಪಟ್ಟಣ. ಎತ್ತರದ ತೆಳುಗಾಳಿ ಅಲ್ಲಿಯವರಿಗೆ ನಿಸರ್ಗದ ಕೊಡುಗೆ ಎಂಬ ವಿವರಣೆಯಲ್ಲಿ ಸತ್ಯವಿದೆ, ಪೂರ್ಣ ಸತ್ಯವಿಲ್ಲ. ಎತ್ತರದ ಊರುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಇಟೆನ್‌ಗೆ 1976ರಲ್ಲಿ ಐರ್ಲೆಂಡಿನಿಂದ ಕೋಮ್ ಓಕಾನೆಲ್ ಎಂಬ ಶಿಕ್ಷಕರು ಬಂದರು, ಸೇಂಟ್ ಪ್ಯಾಟ್ರಿಕ್ಸ್ ಶಾಲೆಯಲ್ಲಿ ಪಾಠ ಹೇಳುತ್ತಲೇ ಮಕ್ಕಳನ್ನು ಓಡಿಸಿದರು, ಅಲ್ಲೇ ನೆಲೆಸಿದರು. ಬೆಳಗಿನ ಜಾವ ಒಬ್ಬಂಟಿಯಾಗಿ ಓಡದೆ ಹಿಂಡಾಗಿ ಓಡುವ ಪದ್ಧತಿ, ಗೆದ್ದ ಹಣದಿಂದ ಹೊಲ-ಹಸು ಕೊಂಡವರ ಕಣ್ಣೆದುರಿನ ನಿದರ್ಶನ, ಇವು ಉಳಿದದ್ದನ್ನು ಮಾಡಿದವು.

ಇವೆಲ್ಲಕ್ಕಿಂತ ನಮಗೆ ಹತ್ತಿರದ ಸಂಗತಿ ಇನ್ನೊಂದಿದೆ. ಚೆಪ್ಟೆಗೈ ಉಗಾಂಡ ಪೊಲೀಸ್ ಇಲಾಖೆಯವರು. ಕೆನ್ಯಾದಲ್ಲಿಯೂ ಪೊಲೀಸ್, ಸೇನೆ, ಬಂದೀಖಾನೆ ಇಲಾಖೆಗಳು ಓಟಗಾರರಿಗೆ ಸಂಬಳ ಕೊಟ್ಟು ಅಭ್ಯಾಸಕ್ಕೆ ಬಿಡುತ್ತವೆ. ಅಲ್ಲಿ ನೇಮಕಾತಿಯ ಆದೇಶ ಕೈಗೆ ಬಂದ ದಿನ ಓಟ ಶುರುವಾಗುತ್ತದೆ. ಇಲ್ಲಿ ಸಿಂಧನೂರಿನ ಹುಡುಗನ ಓಟ ಆ ದಿನವೇ ಮುಗಿಯುತ್ತದೆ. ಆಯ್ಕೆಯಾಗದವನ ಓಟವಂತೂ ವಯೋಮಿತಿ ದಾಟಿದ ದಿನ ಮುಗಿಯಿತು.

ನಮ್ಮಲ್ಲಿ ಇದು ಸಾಧ್ಯವಿಲ್ಲವೆನ್ನುವಂತಿಲ್ಲ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 3,000 ಮೀಟರ್ ಸ್ಟೀಪಲ್‌ಚೇಸ್‌ನ ಚಿನ್ನವನ್ನು 0.05 ಸೆಕೆಂಡಿನಿಂದ ಕಳೆದುಕೊಂಡ ಅವಿನಾಶ್ ಸಾಬ್ಳೆ ಮರಾಠವಾಡದ ಬೀಡ್ ಜಿಲ್ಲೆಯವರು. ಬೀಡ್ ಕೂಡ ರಾಯಚೂರಿನಂತೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ, ರಾಯಚೂರಿನಂತೆಯೇ ಬರ ಮತ್ತು ಗುಳೆಗೆ ಹೆಸರಾದ ಜಿಲ್ಲೆ. ಸಾಬ್ಳೆ ಸೇನೆ ಸೇರಿದ್ದು ಸಿಪಾಯಿಯಾಗಿ. ಓಟಗಾರನಾದದ್ದು ಸೇರಿದ ಮೇಲೆ. 2020ರ ದೆಹಲಿ ಅರ್ಧ ಮ್ಯಾರಥಾನ್‌ನಲ್ಲಿ 61 ನಿಮಿಷದೊಳಗೆ ಓಡಿದ ಮೊದಲ ಭಾರತೀಯರೂ ಅವರೇ. 2025ರಲ್ಲಿ 10,000 ಮೀಟರನ್ನು 27 ನಿಮಿಷ 0.22 ಸೆಕೆಂಡುಗಳಲ್ಲಿ ಓಡಿದ ಅಲಿಗಢ ಜಿಲ್ಲೆಯ ಗುಲ್ವೀರ್ ಸಿಂಗ್ ಕೂಡ ಸೇನೆಯವರು. ನಾಸಿಕ್ ಜಿಲ್ಲೆಯ ಬುಡಕಟ್ಟು ಹಳ್ಳಿ ಸಾವರಪಾಡಾದಿಂದ ಬಂದ ಕವಿತಾ ರಾವುತ್ 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ಗೆದ್ದದ್ದರ ಹಿಂದೆ ಇದ್ದದ್ದು ಅದೇ ಜಿಲ್ಲೆಯಲ್ಲಿ ನೆಲೆಯೂರಿದ್ದ ತರಬೇತುದಾರ ವಿಜೇಂದ್ರ ಸಿಂಗ್. ಕರ್ನಾಟಕದ ಹೆಮ್ಮೆ ಹೆಚ್ಚಾಗಿ ಕಡಿಮೆ ದೂರದ ಓಟಗಳಲ್ಲಿ: ಅಶ್ವಿನಿ ನಾಚಪ್ಪ, ಪೂವಮ್ಮ. ದೂರದ ಓಟದಲ್ಲಿ ಈಚೆಗೆ ಏಷ್ಯನ್ ಕ್ರೀಡಾಕೂಟದ ಮ್ಯಾರಥಾನ್‌ವರೆಗೆ ಹೋದವರು ಕೊಡಗಿನ ಬೆಳ್ಳಿಯಪ್ಪ. ತುಂಗಭದ್ರೆ-ಕೃಷ್ಣೆಯರ ನಡುವಿನ ನಾಡಿನಿಂದ ಅಂಥ ಹೆಸರು ಕೇಳಿಬರಬೇಕಾಗಿದೆ.

ಮಾಡಬೇಕಾದದ್ದು ದುಬಾರಿಯದೇನೂ ಅಲ್ಲ. ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಸಾವಿರಾರು ಯುವಕ ಯುವತಿಯರ ಓಟಕ್ಕೆ ಗಡಿಯಾರ ಹಿಡಿದೇ ಇರುತ್ತಾರೆ. ಆದರೆ ಪರೀಕ್ಷೆ ಕೇವಲ ಅರ್ಹತೆಗೆ. ಆರು ನಿಮಿಷ ಇಪ್ಪತ್ತು ಸೆಕೆಂಡಿನವನೂ, ಅಪ್ಪಿತಪ್ಪಿ ನಾಲ್ಕೂವರೆ ನಿಮಿಷದಲ್ಲಿ ಓಡಿದವನೊಬ್ಬನಿದ್ದರೆ ಅವನೂ ಕಡತದಲ್ಲಿ ಒಂದೇ. ಕ್ರೀಡಾ ಮೀಸಲಾತಿಯೋ, ಪದಕ ಈಗಾಗಲೇ ಕೈಯಲ್ಲಿರುವವರಿಗೆ. ಪದಕವೆಂದರೇನೆಂದು ತಿಳಿಯದೆ ಹೆದ್ದಾರಿಯಂಚಿನಲ್ಲಿ ಓಡುವವನಿಗಲ್ಲ. ಪ್ರತಿ ನೇಮಕಾತಿಯಲ್ಲಿ ಜಿಲ್ಲೆಗೆ ಹತ್ತು ಅತಿವೇಗದ ಹೆಸರುಗಳನ್ನು, ಹುದ್ದೆ ಸಿಗದವರನ್ನೂ ಸೇರಿಸಿ, ಬೇರ್ಪಡಿಸಿ ಎರಡು ವರ್ಷ ಒಬ್ಬ ತರಬೇತುದಾರನ ಕೈಗೆ ಒಪ್ಪಿಸಿದರೆ ಸಾಕು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ವಿಶೇಷ ಅನುದಾನ ಪಡೆಯುವ ಪ್ರದೇಶಕ್ಕೆ ಇದು ಭಾರವಾಗಲಾರದು. ಕ್ರೀಡಾಂಗಣದ ಶಂಕುಸ್ಥಾಪನೆಗೆ ನಮ್ಮ ರಾಜಕಾರಣಿಗಳಿಗಿರುವ ಉತ್ಸಾಹ ತರಬೇತುದಾರನ ಸಂಬಳಕ್ಕಿಲ್ಲ ಎಂಬುದು ಬೇರೆ ಮಾತು. ಸಂಬಳಕ್ಕೆ ಫಲಕ ಹಾಕಲು ಬರುವುದಿಲ್ಲವಲ್ಲ.

2024 ಮತ್ತು 2025ರಲ್ಲಿ ವಿಶ್ವ 10ಕೆ ನಡೆದದ್ದು ಏಪ್ರಿಲ್ ಕೊನೆಯ ಭಾನುವಾರ. ಮುಂದಿನ ಓಟವನ್ನು ನೋಡುವವರು ಏಳನೆಯ ಕಿಲೋಮೀಟರಿನಿಂದ ಗಮನವಿಟ್ಟು ನೋಡಬೇಕು. ಹಿಂಡು ಒಡೆಯುವುದು ಸಾಮಾನ್ಯವಾಗಿ ಆ ಹಂತದಲ್ಲಿ. ಮುನ್ನುಗ್ಗಿದವರ ಹೆಸರನ್ನೂ ಊರನ್ನೂ ಬರೆದಿಟ್ಟುಕೊಳ್ಳಿ. ಭಾರತೀಯರ ವಿಭಾಗದ ವಿಜೇತರು ಬರುವುದು ಅವರಿಗಿಂತ ಒಂದೆರಡು ನಿಮಿಷ ತಡವಾಗಿ. ಅವರ ಎದೆಯ ಮೇಲಿನ ಅಂಗಿಯನ್ನೂ ನೋಡಿ: ಸೇನೆಯದೋ, ರೈಲ್ವೆಯದೋ, ಯಾವ ರಾಜ್ಯದ ಪೊಲೀಸರದೋ.