ರೇಲಿನ ಒತ್ತಡ ಕುಗ್ಗಿದಾಗ

ನಿಪ್ಪಾಣಿಯಿಂದ ಬೆಳಗಾವಿಯ ಕಡೆಗೆ ಸರಕು ಹೇರಿಕೊಂಡು ಹೊರಟ ಡೀಸೆಲ್ ಪಿಕಪ್ ಗಾಡಿ ಊರು ದಾಟುವವರೆಗೆ ಸರಿಯಾಗಿಯೇ ಓಡುತ್ತದೆ. ತವಂದಿ ಘಟ್ಟದ ಏರು ಬಂದೊಡನೆ ಅದಕ್ಕೆ ಉಸಿರು ಕಟ್ಟುತ್ತದೆ. ಚಾಲಕನು ಕಾಲನ್ನು ಎಷ್ಟು ಒತ್ತಿದರೂ ವೇಗ ಏರದು. ಎದುರಿನ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿ ನೋಡಿದರೆ ‘ಪಿ ೦೦೮೭’ ಎಂಬ ಸಂಕೇತ ಕಾಣುತ್ತದೆ. ಇಂಧನದ ರೇಲಿನಲ್ಲಿ ಒತ್ತಡ ಸಾಲದು ಎಂಬುದು ಅದರ ಅರ್ಥ. ಅಷ್ಟನ್ನೇ ಓದಿ, ‘ಪಂಪು ಹೋಯಿತು, ಬದಲಿಸಬೇಕು’ ಎಂದು ತೀರ್ಪು ಕೊಡುವವರುಂಟು. ಆ ಪಂಪಿಗೆ ತೆರುವ ಹಣವು ಒಂದು ಹಂಗಾಮಿನ ಬಾಡಿಗೆಯಲ್ಲಿ ದೊಡ್ಡ ಪಾಲನ್ನೇ ನುಂಗಬಲ್ಲದು. ಹೊಸ ಪಂಪು ಹಾಕಿದ ಮೇಲೂ ಅದೇ ಏರಿನಲ್ಲಿ ಅದೇ ದೀಪ ಹೊತ್ತಿದರೆ ಯಾರನ್ನು ಕೇಳುವುದು? ಮೈ ಕಾದಿದೆಯೆಂದು ತಿಳಿಸುವ ಉಷ್ಣಮಾಪಕವು ಅದು ಮಲೇರಿಯವೋ ನೆಗಡಿಯೋ ಎಂದು ಹೇಳೀತೆ? ಈ ಸಂಕೇತವೂ ಹಾಗೆಯೇ. ಆದುದರಿಂದ ಪಂಪಿಗೆ ಕೈಹಾಕುವ ಮುನ್ನ ಏನೇನನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ರೇಲು ಎಂದರೇನು? ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಪಂಪು ಒಂದೊಂದು ಸಿಲಿಂಡರಿಗೂ ಸರದಿಯಂತೆ ಇಂಧನವನ್ನು ಅಳೆದು ಕಳಿಸುತ್ತಿತ್ತು. ಈಗಿನವುಗಳಲ್ಲಿ ಪಂಪಿನ ಕೆಲಸ ಒತ್ತಡವನ್ನು ಕೂಡಿಡುವುದು. ದಪ್ಪ ಉಕ್ಕಿನ ಕೊಳವೆಯೊಂದರಲ್ಲಿ ಡೀಸೆಲ್ ಆ ಒತ್ತಡದಲ್ಲಿ ಸಿದ್ಧವಾಗಿ ನಿಂತಿರುತ್ತದೆ, ಅದೇ ರೇಲು. ಎಲ್ಲ ಇಂಜೆಕ್ಟರುಗಳಿಗೂ ಅದೊಂದೇ ಕೆರೆ. ಯಾವ ಇಂಜೆಕ್ಟರು ಯಾವ ಗಳಿಗೆಯಲ್ಲಿ ಎಷ್ಟು ಹೊತ್ತು ಬಾಯಿ ತೆರೆಯಬೇಕೆಂಬುದನ್ನು ವಿದ್ಯುನ್ಮಾನದ ಪೆಟ್ಟಿಗೆಯೊಂದು ನಿರ್ಧರಿಸುತ್ತದೆ. ಜಪಾನಿನಲ್ಲಿ ೧೯೯೫ರಲ್ಲಿ ಟ್ರಕ್ಕಿಗೂ ಯುರೋಪಿನಲ್ಲಿ ೧೯೯೭ರಲ್ಲಿ ಕಾರಿಗೂ ಬಂದ ಈ ಏರ್ಪಾಡು ಇಂದು ನಮ್ಮ ಹಳ್ಳಿಯ ಪಿಕಪ್ಪಿನಲ್ಲಿಯೂ ಇದೆ. ಎಂಜಿನ್ನು ನಿಂತಲ್ಲೇ ತಿರುಗುತ್ತಿರುವಾಗ ರೇಲಿನ ಒತ್ತಡ ಸಾಮಾನ್ಯವಾಗಿ ೨೫೦ರಿಂದ ೩೫೦ ಬಾರ್. ಪೂರ್ತಿ ಭಾರ ಎಳೆಯುವಾಗ ೧,೪೦೦, ೧,೬೦೦, ಕೆಲವದರಲ್ಲಿ ಅದಕ್ಕೂ ಹೆಚ್ಚು. ೧,೬೦೦ ಬಾರ್ ಎಂದರೆ ಸುಮಾರು ೧೬ ಕಿಲೋಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಒತ್ತುವಷ್ಟು ಒತ್ತಡ. ಎವರೆಸ್ಟ್ ಶಿಖರದ ಎತ್ತರಕ್ಕೆ ಇದು ಹತ್ತಿರ ಹತ್ತಿರ ಇಮ್ಮಡಿ!

ಇಲ್ಲಿಯೇ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಎಂಜಿನ್ನುಗಳ ಮೇಲೆ ಕೈ ಪಳಗಿಸಿದ ಮೇಸ್ತ್ರಿಗಳಿಗೆ ಒಂದು ರೂಢಿಯುಂಟು. ಎಂಜಿನ್ನು ಓಡುತ್ತಿರುವಾಗಲೇ ಇಂಜೆಕ್ಟರಿನ ಕೊಳವೆಯ ನಟ್ಟನ್ನು ತುಸು ಸಡಿಲಿಸಿ, ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲವೆಂದು ಕಂಡುಹಿಡಿಯುವುದು. ರೇಲಿನ ಎಂಜಿನ್ನಿನಲ್ಲಿ ಇದನ್ನು ಎಂದಿಗೂ ಮಾಡಕೂಡದು. ಆ ಸಂದಿನಿಂದ ಹಾರುವ ಡೀಸೆಲ್ ಎಳೆ ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ. ಮೊದಲು ನೋವೂ ಹೆಚ್ಚಿರಲಿಕ್ಕಿಲ್ಲ. ಒಳಗೆ ಮಾತ್ರ ಮಾಂಸ ಕೊಳೆಯತೊಡಗುತ್ತದೆ. ತಡಮಾಡಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಸೋರಿಕೆಯನ್ನು ಬರಿಗೈಯಿಂದ ತಡವಿ ಹುಡುಕಬೇಡಿ. ಉದ್ದನೆಯ ರಟ್ಟಿನ ತುಂಡನ್ನು ಹಿಡಿದು ನೋಡಿ. ಎಂಜಿನ್ನು ನಿಲ್ಲಿಸಿದ ಮೇಲೂ ಒತ್ತಡ ಇಳಿಯಲು ಕೆಲವು ನಿಮಿಷ ಬಿಟ್ಟು ಕೆಲಸಕ್ಕೆ ತೊಡಗಿ. ಒಂದು ವೇಳೆ ಚುಚ್ಚಿದರೆ, ‘ಏನೂ ಆಗಿಲ್ಲ’ ಎಂದು ಅರಿಸಿನ ಹಚ್ಚಿ ಕೂರದೆ ಆ ಗಳಿಗೆಯಲ್ಲೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಿ, ಒಳಗೆ ಡೀಸೆಲ್ ಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಿರಿ.

ಇನ್ನು ಪರೀಕ್ಷೆಗೆ ಬರೋಣ. ಹೊಗೆಯೇ ಮೊದಲ ಸಾಕ್ಷಿ. ಏರಿನಲ್ಲಿ ಶಕ್ತಿ ಕುಂದಿ ಕಪ್ಪು ಹೊಗೆ ದಟ್ಟವಾಗಿ ಬರುತ್ತಿದ್ದರೆ ಇಂಧನಕ್ಕೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲವೆಂದು ಸಾಮಾನ್ಯವಾಗಿ ತಿಳಿಯಬೇಕು. ಗಾಳಿಯ ಫಿಲ್ಟರು, ಟರ್ಬೊ, ಅದರ ರಬ್ಬರು ಕೊಳವೆಗಳನ್ನು ನೋಡಬೇಕು. ಹೊಗೆಯಿಲ್ಲದೆ ಶಕ್ತಿ ಕುಂದಿದರೆ ಇಂಧನವೇ ಸಾಲದೆಂಬ ಸಂಶಯ ಬಲವಾಗುತ್ತದೆ. ಗಾಡಿ ಚಾಲೂ ಆಗುವುದೇ ಇಲ್ಲ, ಸ್ಟಾರ್ಟರು ತಿರುಗಿಸುವಾಗ ಹಿಂದಿನ ಕೊಳವೆಯಲ್ಲಿ ಹೊಗೆಯ ಸುಳಿವೂ ಇಲ್ಲವೆಂದಾದರೆ, ಇಂಜೆಕ್ಟರುಗಳು ಬಾಯಿಯನ್ನೇ ತೆರೆದಿಲ್ಲವೆಂದಾಗಬಹುದು. ಒತ್ತಡವು ಒಂದು ಮಿತಿಗೆ, ಹಲವು ಎಂಜಿನ್ನುಗಳಲ್ಲಿ ೧೫೦ರಿಂದ ೨೦೦ ಬಾರಿಗೆ, ಮುಟ್ಟುವವರೆಗೆ ನಿಯಂತ್ರಕವು ಅಪ್ಪಣೆ ಕೊಡುವುದಿಲ್ಲ.

ಸ್ಕ್ಯಾನರಿನಲ್ಲಿ ಸಂಕೇತವನ್ನಷ್ಟೇ ಓದಿ ಮುಚ್ಚಿಡಬಾರದು. ಅಲ್ಲಿ ಎರಡು ಅಂಕಿಗಳಿರುತ್ತವೆ: ನಿಯಂತ್ರಕವು ಬೇಡಿದ ಒತ್ತಡ, ರೇಲಿನಲ್ಲಿ ನಿಜವಾಗಿ ಇರುವ ಒತ್ತಡ. ೧,೪೦೦ ಬೇಡಿದಾಗ ೮೦೦ರಲ್ಲೇ ನಿಂತರೆ ಕೊರತೆ ನಿಜವೆನ್ನಬಹುದು. ಆದರೆ ಅಳೆಯುವ ಸಂವೇದಕವೇ ಸುಳ್ಳು ಹೇಳುತ್ತಿದ್ದರೆ? ರಾತ್ರಿಯೆಲ್ಲ ನಿಂತ ಗಾಡಿಯ ಕೀಲಿ ತಿರುಗಿಸಿ, ಎಂಜಿನ್ನು ಚಾಲೂ ಮಾಡದೆ ಓದಿರಿ. ಅಂಕಿ ಸೊನ್ನೆಯ ಆಸುಪಾಸಿನಲ್ಲಿರಬೇಕು. ಬಹಳ ದೂರವಿದ್ದರೆ ಮೊದಲು ಆ ಸಂವೇದಕವನ್ನೂ ಅದರ ತಂತಿಯನ್ನೂ ವಿಚಾರಿಸಿಕೊಳ್ಳಿ.

ಆಮೇಲೆ ನೋಡಬೇಕಾದ್ದು ಟ್ಯಾಂಕಿನಿಂದ ಪಂಪಿನವರೆಗಿನ ದಾರಿ. ದೊಡ್ಡ ಪಂಪು ಎಷ್ಟು ಬಲಶಾಲಿಯಾದರೂ ತನಗೆ ಬಂದದ್ದನ್ನಷ್ಟೇ ಒತ್ತಬಲ್ಲದು. ಬಾವಿ ಬತ್ತಿದರೆ ಮೋಟಾರು ಏನು ಮಾಡೀತು? ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿಹೋಗಿ ಒಳಗೆ ನಿರ್ವಾತ ಉಂಟಾಗಿರಬಹುದು. ಹೀರುಕೊಳವೆಯ ಜಾಲರಿಯಲ್ಲಿ ಕೆಸರು ಕಟ್ಟಿರಬಹುದು. ಕೆಲವು ಗಾಡಿಗಳಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಡೀಸೆಲನ್ನು ತಳ್ಳಿಕೊಡುತ್ತದೆ; ಕೆಲವದರಲ್ಲಿ ಎಂಜಿನ್ನಿನ ಬಳಿಯ ಪಂಪೇ ಹೀರಿಕೊಳ್ಳುತ್ತದೆ. ಎರಡನೆಯ ಬಗೆಯಲ್ಲಿ ಒಂದು ಮೋಸವಿದೆ. ಕೊಳವೆ ಸೀಳಿದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದೇ ಇಲ್ಲ. ಗಾಳಿ ಒಳಗೆ ನುಗ್ಗುತ್ತದೆ. ಸೀಳಿದ ಹುಲ್ಲುಕಡ್ಡಿಯಿಂದ ಎಳನೀರು ಹೀರಲು ಹೋದವರಿಗೆ ಇದು ಗೊತ್ತು. ನೆಲ ಒಣಗಿದೆಯೆಂದು ನಂಬದೆ, ಫಿಲ್ಟರಿನ ನಂತರ ಪಾರದರ್ಶಕ ಕೊಳವೆಯ ತುಂಡೊಂದನ್ನು ಕೂಡಿಸಿ ಗುಳ್ಳೆಗಳಿವೆಯೇ ನೋಡಿರಿ.

ನಮ್ಮ ಸೀಮೆಯಲ್ಲಿ ನೀರಿನ ಕಾಟವೂ ಕಡಿಮೆಯಲ್ಲ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನದಿತೀರದ ಹಳ್ಳಿಗಳನ್ನು ಮುಳುಗಿಸಿದ್ದು, ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯೇ ನೀರಿನಡಿ ಸೇರಿದ್ದು ನಿಮಗೆ ನೆನಪಿರಬಹುದು. ಹಾಗೆ ನೀರಿನಲ್ಲಿ ನಿಂತ ಗಾಡಿಯ ಟ್ಯಾಂಕನ್ನು ಬರಿದುಮಾಡದೆ ಚಾಲೂ ಮಾಡುವುದು ಇಂಜೆಕ್ಟರುಗಳಿಗೆ ವಿಷವಿಕ್ಕಿದಂತೆ. ನೆರೆಯಿಲ್ಲದ ವರ್ಷವೂ, ಕಬ್ಬಿನ ಹಂಗಾಮಿನಲ್ಲಿ ತೋಟದ ಮನೆಯ ಡಬ್ಬಗಳಲ್ಲಿ ತುಂಬಿಟ್ಟ ಡೀಸೆಲ್ಲಿಗೆ ನೀರೂ ದೂಳೂ ಸೇರುತ್ತವೆ. ಫಿಲ್ಟರಿನ ತಳದ ತಿರುಪನ್ನು ಬಿಚ್ಚಿ ಗಾಜಿನ ಲೋಟಕ್ಕೆ ಇಳಿಸಿದರೆ ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಸೀಮೆಎಣ್ಣೆ ಬೆರೆಸುವ ಹಳೆಯ ಚಾಳಿಯನ್ನಂತೂ ಬಿಡಲೇಬೇಕು. ಈ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಿಡ್ಡು, ಸೀಮೆಎಣ್ಣೆಯಲ್ಲಿ ಆ ಗುಣ ಸಾಲದು.

ತೆಗೆದ ಫಿಲ್ಟರನ್ನು ಬಿಸಾಡಬೇಡಿ. ಕತ್ತರಿಸಿ ಬಿಸಿಲಿಗೆ ಹಿಡಿಯಿರಿ. ಬೆಳ್ಳಿಯ ಪುಡಿಯಂತೆ ಲೋಹದ ಹೊಳಪು ಕಂಡರೆ ಲೋಹದ ಭಾಗವೆಲ್ಲೋ ಸವೆಯುತ್ತಿದೆಯೆಂದು ತಿಳಿಯಿರಿ. ಅದು ಪಂಪೇ ಆಗಿದ್ದರೆ ಪಂಪೊಂದನ್ನು ಬದಲಿಸಿದರೆ ತೀರದು. ಟ್ಯಾಂಕು, ಕೊಳವೆ, ರೇಲು, ಇಂಜೆಕ್ಟರುಗಳನ್ನೆಲ್ಲ ತೊಳೆಸಿ ಪರೀಕ್ಷಿಸಬೇಕು. ಇಲ್ಲವಾದರೆ ಆ ಪುಡಿಯೇ ಹೊಸದನ್ನೂ ತಿನ್ನುತ್ತದೆ.

ಈ ಕಡೆ ಎಲ್ಲವೂ ಸರಿಯಿದ್ದರೆ ಇಂಜೆಕ್ಟರುಗಳ ಸರದಿ. ಪ್ರತಿಯೊಂದು ಇಂಜೆಕ್ಟರೂ ಸ್ವಲ್ಪ ಡೀಸೆಲನ್ನು ಟ್ಯಾಂಕಿಗೆ ಮರಳಿಸುತ್ತದೆ. ಒಳಗೆ ಸವೆದದ್ದು ಬಹಳ ಮರಳಿಸುತ್ತದೆ. ನಲ್ಲಿಯನ್ನು ತೆರೆದಿಟ್ಟು ಮನೆಯ ಮೇಲಿನ ತೊಟ್ಟಿ ತುಂಬಲಿಲ್ಲವೆಂದು ಮೋಟಾರನ್ನು ಬೈದರೆ ಹೇಗೆ? ಮರಳುವ ಸಣ್ಣ ಕೊಳವೆಗಳನ್ನು ಬಿಡಿಸಿ, ಒಂದೊಂದಕ್ಕೂ ಒಂದೇ ಅಳತೆಯ ಶೀಷೆಯನ್ನು ತೂಗಹಾಕಿ, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿದರೆ ಕಳ್ಳನು ತಾನಾಗಿ ಸಿಕ್ಕಿಬೀಳುತ್ತಾನೆ. ಉಳಿದವುಗಳಿಗಿಂತ ಬಹಳ ಹೆಚ್ಚು ತುಂಬಿದ ಶೀಷೆಯ ಇಂಜೆಕ್ಟರನ್ನು ಕಳಚಿ ಪರೀಕ್ಷೆಗೆ ಕಳಿಸಿ. ಎಷ್ಟು ಮರಳಬಹುದೆಂಬ ಮಿತಿ ತಯಾರಕರ ಕೈಪಿಡಿಯಲ್ಲಿರುತ್ತದೆ. ಕೆಲವು ಬಗೆಯ ಇಂಜೆಕ್ಟರುಗಳಿಗೆ ಈ ಪರೀಕ್ಷೆ ಸಲ್ಲದಾದ್ದರಿಂದ ಮೊದಲೇ ಅದನ್ನು ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟಾದ ಮೇಲೆ ಉಳಿಯುವುವು ಒತ್ತಡವನ್ನು ಹದದಲ್ಲಿಡುವ ಕವಾಟಗಳು, ಕೊನೆಗೆ ಪಂಪು. ಇವಕ್ಕೆ ವಿಶೇಷ ಸಲಕರಣೆಗಳು ಬೇಕು. ಅನುಭವವುಳ್ಳ ಪಂಪಿನ ಕಾರ್ಯಾಗಾರಕ್ಕೆ ಒಪ್ಪಿಸುವುದೇ ಲೇಸು. ಪಂಪು ಕೆಟ್ಟಿದೆಯೆಂದರೆ ಯಾವ ಪರೀಕ್ಷೆಯಿಂದ ಗೊತ್ತಾಯಿತೆಂದು ಕೇಳುವ ಅಧಿಕಾರ ಗಾಡಿಯ ಮಾಲಿಕನಿಗೆ ಇದ್ದೇ ಇದೆ.

ದುರಸ್ತಿಯಾದ ಮೇಲೆ ಅಂಗಳದಲ್ಲಿ ಖಾಲಿ ಗಾಡಿಯನ್ನು ಗುರ್ರೆನ್ನಿಸಿದರೆ ಏನೂ ತಿಳಿಯದು. ಸಂಕೇತವನ್ನು ಅಳಿಸಿ, ಭಾರ ಹೇರಿ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿ ಅವರಿಂದ ಸ್ಕ್ಯಾನರಿನ ಅಂಕಿಗಳನ್ನು ಓದಿಸಿರಿ. ಚಾಲಕನ ಕಣ್ಣು ರಸ್ತೆಯ ಮೇಲಿರಲಿ. ಅಥಣಿ, ಕಾಗವಾಡಗಳ ಬಯಲಿನಲ್ಲಿ ದೊಡ್ಡ ಏರು ಸಿಗದಿದ್ದರೆ, ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿದ್ದು ಪೂರ್ತಿ ಕಾಲೊತ್ತಿದರೆ ಅದೇ ಪರೀಕ್ಷೆಯಾಗುತ್ತದೆ. ಬೇಡಿದ ಅಂಕಿಯ ಬೆನ್ನಿಗೇ ನಿಜದ ಅಂಕಿಯೂ ಏರಿದರೆ ಮರುದಿನ ಸರಕು ಹೇರಬಹುದು.